ಅಂಚೆಯವನ ಹಾಡಿನ ಬಗ್ಗೆ ಬರೆಯುವವನಿಗೆ

ಪ್ರಿಯ ತಮ್ಮಾ,

ಅಮೆರಿಕದ ಹಾಡುಗಾರ, ಹಾಡು ಬರೆಯುವವ ಜಾನ್ ಪ್ರೈನ್ ಮೇಲಿನ ನಿನ್ನ ಲೇಖನ ಓದಿದೆ. ‘ಮನಮುಟ್ಟುವ’ ಅನ್ನುವ ಮಾತು ಆರು ಸಲ ಬಂದಿದೆ. ಗಿಟಾರ್ ಮೇಲೆ ಅವನ ಬಲಗೈ ಹೆಬ್ಬೆರಳು ಏನು ಮಾಡುತ್ತದೆ ಅನ್ನುವುದು ಒಂದು ಸಲವೂ ಬಂದಿಲ್ಲ.

ಮೊದಲು ‘ಜನಪದ ಗಾಯಕ’ ಅನ್ನುವುದನ್ನು ಹೊಡೆದುಹಾಕು. ಅಲ್ಲಿಯವರು ಅವನನ್ನು ‘ಫೋಕ್’ ಕಪಾಟಿನಲ್ಲೂ ಇಡುತ್ತಾರೆ, ನಿಜ. ಆದರೆ ಆ ಫೋಕ್ ನಮ್ಮ ಜನಪದವಲ್ಲ. ನಮ್ಮ ಬೀಸುವ ಪದಕ್ಕೆ ಕರ್ತೃವಿನ ಹೆಸರಿಲ್ಲ. ಅವನ ಹಾಡಿನ ಇನ್ನೊಂದು ಕಪಾಟು, ‘ಕಂಟ್ರಿ’ ಅನ್ನುವ ಅಮೆರಿಕದ ಶೈಲಿ, 1920ರ ದಶಕದಿಂದ ಗ್ರಾಮಫೋನ್ ಕಂಪನಿಗಳು ಮಾರಿಕೊಂಡು ಬಂದ ಸಂಗೀತ. ಅಲ್ಲಿ ಹೊಸದಾಗಿ ಬರೆದ ಪ್ರತಿ ಹಾಡಿಗೂ ಒಬ್ಬ ಒಡೆಯ ಇರುತ್ತಾನೆ.

ಇನ್ನು ಹೆಬ್ಬೆರಳು. ಕೆಂಟಕಿ ರಾಜ್ಯದ ಗಿಟಾರ್ ವಾದಕ ಮರ್ಲ್ ಟ್ರಾವಿಸ್ ಹೆಸರಿನಲ್ಲಿ ಕರೆಯುವ ಶೈಲಿ ಅದು. ನಾಲ್ಕೆಣಿಕೆಯ ತಾಳದಲ್ಲಿ ಹೆಬ್ಬೆರಳು ಎಣಿಕೆಗೊಂದರಂತೆ ದಪ್ಪ ತಂತಿಗಳ ನಡುವೆ ಓಡಾಡುತ್ತದೆ: ಸಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದಾಗ ಐದನೇ ತಂತಿ, ನಾಲ್ಕನೇ ತಂತಿ, ಮತ್ತೆ ಐದು, ಮತ್ತೆ ನಾಲ್ಕು. ತೋರುಬೆರಳು, ನಡುಬೆರಳು ಸಣ್ಣ ತಂತಿಗಳಲ್ಲಿ ಎಣಿಕೆಯ ನಡುವೆ ನುಸುಳುತ್ತವೆ. ಹೊಸಬರು ಇದನ್ನು ಎರಡು ಗಿಟಾರ್ ಎಂದು ಬರೆದುಬಿಡುತ್ತಾರೆ. ವೇಗ ತಗ್ಗಿಸಿ, ಹೆಡ್‌ಫೋನಿನಲ್ಲಿ ದಪ್ಪ ತಂತಿಯನ್ನಷ್ಟೇ ಎಣಿಸುತ್ತಾ ಕೇಳು, ಗೊತ್ತಾಗುತ್ತದೆ. ಕಾರ್ಡ್ ಹೆಸರು ಬರೆಯುವಾಗ ಕೇಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಹಿಡಿಕೆ, ನೋಡಿಕೋ: ಎರಡನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮನೆ) ಕೇಪೋ ಇದ್ದರೆ ಜಿ ಆಕಾರದಿಂದ ಹೊರಡುವುದು ಎ.

‘ಪ್ಯಾರಡೈಸ್’ (1971) ಮೂರೆಣಿಕೆಯ ಹಾಡು, ಮೂರೇ ಕಾರ್ಡ್. ನೀನು ‘ಸರಳ’ ಎಂದು ಬರೆದು ಮುಂದೆ ಹೋಗಿದ್ದೀಯ. ಅದರ ಪಲ್ಲವಿಯಲ್ಲಿ ಎರಡು ದನಿಗಳಿವೆ. ಕೆಂಟಕಿಯ ಮ್ಯೂಲೆನ್‌ಬರ್ಗ್ ಕೌಂಟಿಗೆ (ನಮ್ಮ ಜಿಲ್ಲೆಯಂತೆ) ಕರಕೊಂಡು ಹೋಗಪ್ಪಾ ಎಂದು ಮಗ ಕೇಳುತ್ತಾನೆ. ತಡವಾಯಿತು ಮಗನೇ ಎಂದು ಅಪ್ಪ ಹೇಳುತ್ತಾನೆ. ನದಿಯ ಹೆಸರೂ ಇದೆ, ಕಲ್ಲಿದ್ದಲು ಕಂಪನಿಯ ಹೆಸರೂ ಇದೆ. ದುಃಖ ಅನ್ನುವ ಪದ ಬೇಕಾಗಿಯೇ ಇಲ್ಲ. ಪ್ರೈನ್‌ನ ಅಪ್ಪ ಅಮ್ಮ ಅದೇ ಕೌಂಟಿಯ ಕಡೆಯವರು. ಅವನು ಹುಟ್ಟಿದ್ದು 1946ರಲ್ಲಿ, ಷಿಕಾಗೋ ಪಕ್ಕದ ಮೇವುಡ್‌ನಲ್ಲಿ. ಆ ಸುತ್ತಮುತ್ತಲೇ ಮನೆ ಮನೆಗೆ ಅಂಚೆ ಹಂಚುತ್ತಿದ್ದ.

‘ಏಂಜಲ್ ಫ್ರಮ್ ಮಾಂಟ್ಗಮರಿ’ಯಲ್ಲಿ ‘ನಾನು’ ಎನ್ನುವುದು ಒಬ್ಬ ವಯಸ್ಸಾದ ಹೆಂಗಸು. ಮೊದಲ ಸಾಲಿನಲ್ಲೇ ಅದನ್ನು ಹೇಳಿಬಿಡುತ್ತಾಳೆ. ಅದನ್ನು ನೀನು ಕವಿಯ ಆತ್ಮಕಥೆ ಎಂದಿದ್ದೀಯ! ವಚನ, ತತ್ವಪದಗಳ ಅಂಕಿತಕ್ಕೆ ಪಳಗಿದ ನಮ್ಮ ಕಿವಿಗೆ ಆಗುವ ಮೋಸ ಇದು. ಬರೆದವನಿಗೆ ಆಗ ಇಪ್ಪತ್ತೈದರ ಆಸುಪಾಸು.

‘ಸ್ವತಂತ್ರ ಕಲಾವಿದ’ ಅಂತ ಬರೆದರೆ ಸಾಲದು, ಯಾರ ಕೈಯಿಂದ ಸ್ವತಂತ್ರ ಅಂತ ಹೇಳು. ಒಂದು ಹಾಡಿಗೆ ಎರಡು ಹಕ್ಕು: ಸಾಹಿತ್ಯ–ಧಾಟಿ ಒಂದು, ಅದನ್ನು ಹಾಡಿ ಮುದ್ರಿಸಿದ ಮಾಸ್ಟರ್ ಇನ್ನೊಂದು. 1974ರಲ್ಲಿ ‘ಏಂಜಲ್’ ಹಾಡನ್ನು ಗಾಯಕಿ ಬಾನಿ ರೈಟ್ ಮುದ್ರಿಸಿದಾಗ ಪ್ರೈನ್‌ಗೆ ಸಲ್ಲುವುದು ಮೊದಲನೆಯ ಹಕ್ಕಿನಲ್ಲಿ ಬರೆದವನ ಪಾಲು. ಆಕೆಯ ಮಾಸ್ಟರ್‌ನಲ್ಲಿ ಅಲ್ಲ. ದೊಡ್ಡ ಕಂಪನಿಗಳೊಡನೆ ದುಡಿದಾಗ ಮಾಸ್ಟರ್ ಸಾಮಾನ್ಯವಾಗಿ ಅವರ ಬಳಿಯೇ ಉಳಿಯುತ್ತದೆ, ಕೊಟ್ಟ ಮುಂಗಡ ತೀರುವವರೆಗೆ ಮಾರಾಟದ ರಾಯಲ್ಟಿ ಕೈಗೆ ಬರುವುದಿಲ್ಲ. 1981ರಲ್ಲಿ ಪ್ರೈನ್ ತನ್ನ ಮ್ಯಾನೇಜರ್ ಅಲ್ ಬುನೆಟ್ಟಾ, ಗೆಳೆಯ ಡ್ಯಾನ್ ಐನ್‌ಸ್ಟೈನ್ ಜತೆ ‘ಓ ಬಾಯ್ ರೆಕಾರ್ಡ್ಸ್’ ಅನ್ನುವ ಸ್ವಂತ ಮುದ್ರಣ ಕಂಪನಿ ಶುರುಮಾಡಿದ. ಆಲ್ಬಮ್ ಕೈಸೇರುವ ಮುಂಚೆಯೇ ಅಭಿಮಾನಿಗಳು ಚೆಕ್ ಕಳಿಸಿದರು. ಮುಂಗಡ ಕೊಡುವವರು ಕೇಳುಗರೇ ಆದರು ನೋಡು.

1998ರಲ್ಲಿ ಕುತ್ತಿಗೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಗಿ ದನಿ ತಗ್ಗಿತು, ಒರಟಾಯಿತು. 2000ದ ‘ಸೂವನೀರ್ಸ್’ ಆಲ್ಬಮ್‌ನಲ್ಲಿ ಹಳೆಯ ಹಾಡುಗಳನ್ನೇ ಮತ್ತೆ ಮುದ್ರಿಸಿದ, ಈ ಸಲ ಸ್ವಂತ ಕಂಪನಿಗೆ. ‘ಏಂಜಲ್’ನ 1971ರ, 2000ದ ಮುದ್ರಣಗಳನ್ನು ಒಂದರ ಹಿಂದೆ ಒಂದು ಕೇಳು. ಪಲ್ಲವಿ ಕೊನೆಗೆ ನೆಲೆನಿಲ್ಲುವ ಸ್ವರವನ್ನು ಶ್ರುತಿಪೆಟ್ಟಿಗೆಯಲ್ಲಿ ಹುಡುಕಿ ಎರಡನ್ನೂ ಬರೆದಿಟ್ಟುಕೋ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆ, ಯಾವ ಪದವನ್ನು ಹಾಡದೆ ಆಡಿಬಿಡುತ್ತಾನೆ, ಅದನ್ನೂ ಗುರುತು ಹಾಕು. ನಿನ್ನ ಲೇಖನ ಅಲ್ಲಿಂದ ಶುರುವಾಗಲಿ. ಈಗಿರುವ ಮೊದಲ ಎರಡು ಪುಟ ಬೇಡ.

ಕೊನೆಯಲ್ಲಿ ಇಡೀ ಹಾಡಿನ ಅನುವಾದ ಸೇರಿಸಿದ್ದೀಯ. ಪ್ರಕಾಶಕರ ಅನುಮತಿ ಇಲ್ಲದೆ ಅದನ್ನು ಅಚ್ಚು ಹಾಕುವಂತಿಲ್ಲ. ಚರ್ಚೆಗೆ ಬೇಕಾದ ಒಂದೆರಡು ಸಾಲು ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆ.

ತಿದ್ದಿದ ಕರಡು ಕಳಿಸು. ಅಂಚೆಯಲ್ಲಾದರೆ ಇನ್ನೂ ಸಂತೋಷ.

ನಿನ್ನ,
ಹಿರಿಯ ಓದುಗ