ಬ್ಯಾಟರಿ ಉಳಿತಾಯದ ಪೂರ್ತಿ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಬೇಡಿಕೆ ಕಡಿಮೆಯಿರುವ ಹೊತ್ತಿನ ಅಗ್ಗದ ವಿದ್ಯುತ್ತನ್ನು ಮನೆಯ ಬ್ಯಾಟರಿಗೆ ತುಂಬಿಸಿಕೊಂಡು, ದರ ಏರುವ ಹೊತ್ತಿನಲ್ಲಿ ಬಳಸಿದರೆ ಬಿಲ್ ಇಳಿಯುತ್ತದೆ ಎಂದು ಜಾಹೀರಾತುಗಳು ಸಾರುತ್ತಿವೆ. ಮಾತು ಸುಳ್ಳಲ್ಲ. ಆದರೆ ಮಾರುವವರ ಲೆಕ್ಕ ಎರಡು ದರಗಳ ವ್ಯತ್ಯಾಸದಲ್ಲೇ ಮುಗಿಯುತ್ತದೆ. ಉಳಿದದ್ದು ಗ್ರಾಹಕನಿಗೆ ಗೊತ್ತಾಗುವುದು ದುಡ್ಡು ಕೊಟ್ಟ ಮೇಲೆ.

ಉಪಾಯ ಹೊಸದೇನಲ್ಲ. ಬ್ರಿಟನ್ನಿನಲ್ಲಿ ರಾತ್ರಿಯ ಏಳು ಗಂಟೆಗಳಿಗೆ ಅಗ್ಗದ ದರ ನೀಡುವ ಯೋಜನೆ 1978ರಲ್ಲೇ ಬಂತು. ಜನ ಆ ಹೊತ್ತಿನಲ್ಲಿ ಹೀಟರಿನೊಳಗಿನ ಇಟ್ಟಿಗೆಗಳನ್ನು ಕಾಯಿಸಿಟ್ಟು ಹಗಲೆಲ್ಲ ಮನೆಯನ್ನು ಬೆಚ್ಚಗಿಡುತ್ತಿದ್ದರು. ಇಟ್ಟಿಗೆಯ ಬಾಳಿಕೆಯ ಚಿಂತೆ ಯಾರಿಗೂ ಇರಲಿಲ್ಲ. ಬ್ಯಾಟರಿ ಹಾಗಲ್ಲ, ಬಳಸಿದಷ್ಟೂ ಸವೆಯುತ್ತದೆ, ಬಳಸದಿದ್ದರೂ ವಯಸ್ಸಾಗುತ್ತದೆ.

ಮೊದಲು ನಷ್ಟದ ಮಾತು. ಗ್ರಿಡ್‌ನಿಂದ, ಅಂದರೆ ವಿದ್ಯುತ್ ಜಾಲದಿಂದ, ಬರುವ ಎಸಿ (ದಿಕ್ಕು ಬದಲಿಸುತ್ತ ಹರಿಯುವ) ವಿದ್ಯುತ್ತು ಡಿಸಿಯಾಗಿ (ಒಂದೇ ದಿಕ್ಕಿಗೆ ಹರಿಯುವಂತಾಗಿ) ಬ್ಯಾಟರಿ ಸೇರಬೇಕು, ಮತ್ತೆ ಎಸಿಯಾಗಿ ಹೊರಬರಬೇಕು. ಒಳ್ಳೆಯ ಲೀಥಿಯಂ ವ್ಯವಸ್ಥೆಯಲ್ಲೂ ಹತ್ತು ಯೂನಿಟ್ ತುಂಬಿಸಿದರೆ ಮರಳಿ ಸಿಗುವುದು ಸುಮಾರು ಒಂಬತ್ತು. ಸೀಸ-ಆಮ್ಲದ ಬ್ಯಾಟರಿಯಲ್ಲಿ ಇನ್ನೂ ಕಡಿಮೆ. ಅಗ್ಗದ ದರವು ದುಬಾರಿ ದರದ ಶೇ 60ರಷ್ಟಿದ್ದರೆ ಉಳಿತಾಯ ಶೇ 40 ಎಂದು ತೋರುತ್ತದೆ. ನಷ್ಟ ಸೇರಿಸಿದರೆ ಅದು ಶೇ 33ಕ್ಕೆ ಇಳಿಯುತ್ತದೆ. ಈ ಪರಿವರ್ತನೆ ಮಾಡುವ ಇನ್ವರ್ಟರ್ ಕೆಲಸವಿಲ್ಲದೆ ಕುಳಿತಿರುವಾಗಲೂ 40 ವ್ಯಾಟ್ ಎಳೆಯುವಂಥದ್ದಾದರೆ ದಿನಕ್ಕೆ ಹತ್ತಿರಹತ್ತಿರ ಒಂದು ಯೂನಿಟ್ ಅದರ ಪಾಲು. ಈ ಸಂಗತಿ ಜಾಹೀರಾತಿನ ಸಣ್ಣಕ್ಷರಗಳಲ್ಲೂ ಕಾಣುವುದಿಲ್ಲ.

ದೊಡ್ಡ ಮರೆಮಾಚುವಿಕೆ ಇರುವುದು ಆಯುಷ್ಯದ ಲೆಕ್ಕದಲ್ಲಿ. ಆರು ಸಾವಿರ ಸಲ ಚಾರ್ಜ್ ಮಾಡಬಹುದು ಎನ್ನುತ್ತಾರೆ. ದಿನಕ್ಕೊಂದು ಸಲವೆಂದರೆ ಹದಿನಾರು ವರ್ಷ ಮೀರಿತು. ವಾರಂಟಿ ಹತ್ತೇ ವರ್ಷವಾದರೆ ನಂಬಬಹುದಾದ ಸಂಖ್ಯೆ 3,650. ಬಳಸಲು ಸಿಗುವ ಸಾಮರ್ಥ್ಯ ಒಂಬತ್ತು ಯೂನಿಟ್ ಎಂದುಕೊಂಡರೂ ಒಟ್ಟು 32,850 ಯೂನಿಟ್. ವರ್ಷಗಳು ಕಳೆದಂತೆ ಸಾಮರ್ಥ್ಯ ಕುಗ್ಗುವುದನ್ನು ಹಿಡಿದರೆ ಮೂವತ್ತು ಸಾವಿರದ ಆಸುಪಾಸು. ಬ್ಯಾಟರಿಯ ಬೆಲೆಯನ್ನೂ ಅಳವಡಿಕೆಯ ಖರ್ಚನ್ನೂ ಕೂಡಿಸಿ ಈ ಸಂಖ್ಯೆಯಿಂದ ಭಾಗಿಸಿ. ಬರುವ ಮೊತ್ತ ಪ್ರತಿ ಯೂನಿಟ್ಟಿನ ಸವೆತದ ಬೆಲೆ. ನಷ್ಟ ಕಳೆದು ಉಳಿದ ದರ ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ಮಾತ್ರ ಲಾಭ. ಸಾಲ ಮಾಡಿ ಕೊಂಡವರು ಬಡ್ಡಿಯನ್ನೂ ಸೇರಿಸಿಕೊಳ್ಳಬೇಕು.

ಅದೂ ಬ್ಯಾಟರಿ ದಿನವೂ ಪೂರ್ತಿ ಖಾಲಿಯಾಗಿ ಪೂರ್ತಿ ತುಂಬಿದರೆ. ದುಬಾರಿ ಹೊತ್ತಿನಲ್ಲಿ ಐದು ಯೂನಿಟ್ ಬಳಸುವ ಮನೆಗೆ ಹತ್ತು ಯೂನಿಟ್ಟಿನ ಬ್ಯಾಟರಿ ಮಾರಿದರೆ ಅರ್ಧ ಬಂಡವಾಳ ಸುಮ್ಮನೆ ಕುಳಿತಿರುತ್ತದೆ. ವಿದ್ಯುತ್ ಕಡಿತದ ಭಯಕ್ಕೆ ಹೇಗೂ ಬ್ಯಾಟರಿ ಬೇಕೆನ್ನುವವರ ಲೆಕ್ಕ ಬೇರೆ. ಅವರಿಗೆ ದರದ ಲಾಭ ಮೇಲುಸಂಪಾದನೆ. ಆದರೆ ಕಡಿತಕ್ಕೆಂದು ಕಾದಿಟ್ಟ ಪಾಲು ಬಿಲ್ ಇಳಿಸುವುದಿಲ್ಲ.

ಇನ್ನು, ಖರ್ಚಿಲ್ಲದ ದಾರಿಯನ್ನು ಮಾರುವವರು ಹೇಳಲಾರರು. ವಾಷಿಂಗ್ ಮಷಿನ್, ನೀರಿನ ಪಂಪು, ನೀರು ಕಾಯಿಸುವ ಗೀಸರ್, ವಿದ್ಯುತ್ ವಾಹನದ ಚಾರ್ಜಿಂಗ್, ಇವನ್ನೆಲ್ಲ ಅಗ್ಗದ ಹೊತ್ತಿಗೆ ತಳ್ಳಬಹುದು. ಬೇಕಾದದ್ದು ಒಂದು ಟೈಮರ್ ಅಷ್ಟೇ. ಇಲ್ಲಿ ಪರಿವರ್ತನೆಯ ನಷ್ಟವಿಲ್ಲ, ಸವೆತವೂ ಇಲ್ಲ. ಅಡುಗೆ, ದೀಪ, ಫ್ಯಾನು ಮುಂತಾಗಿ ಹೊತ್ತು ಬದಲಿಸಲಾಗದ ಬಳಕೆ ಎಷ್ಟು ಉಳಿಯಿತೆಂದು ನೋಡಿ, ಅಷ್ಟಕ್ಕೆ ಬ್ಯಾಟರಿಯ ಅಳತೆ ನಿರ್ಧರಿಸುವುದು ವಿವೇಕ.

ದರದ ವೇಳಾಪಟ್ಟಿಯೂ ಶಾಶ್ವತವಲ್ಲ. ಸೌರ ವಿದ್ಯುತ್ತು ಹೆಚ್ಚಿದ ಕಡೆಗಳಲ್ಲಿ ಅಗ್ಗದ ಹೊತ್ತು ನಡುರಾತ್ರಿಯಿಂದ ನಡುಹಗಲಿಗೆ ಸರಿಯುತ್ತಿದೆ. ಇಂದಿನ ವ್ಯತ್ಯಾಸವನ್ನೇ ಹತ್ತು ವರ್ಷಕ್ಕೆ ಗುಣಿಸಿ ತೋರಿಸುವ ಕೋಷ್ಟಕವನ್ನು ನಾನಂತೂ ನಂಬುವುದಿಲ್ಲ.

ಆದ್ದರಿಂದ, ವಾರಂಟಿ ಅವಧಿಯಲ್ಲಿ ಬ್ಯಾಟರಿ ಒಟ್ಟು ಎಷ್ಟು ಯೂನಿಟ್ ಕೊಡುತ್ತದೆ, ತುಂಬಿಸಿದ್ದರಲ್ಲಿ ಎಷ್ಟು ಮರಳುತ್ತದೆ, ಸುಮ್ಮನಿದ್ದಾಗ ಎಷ್ಟು ಎಳೆಯುತ್ತದೆ ಎಂಬ ಮೂರು ಅಂಕಿಗಳನ್ನು ಪ್ರತಿ ಜಾಹೀರಾತಿನಲ್ಲೂ ದಪ್ಪಕ್ಷರದಲ್ಲಿ ಕೊಡುವುದನ್ನು ಮಾರಾಟಗಾರರಿಗೆ ಕಡ್ಡಾಯ ಮಾಡಬೇಕು. ನಿಯಮ ಬರುವವರೆಗೆ, ಇಂಥ ಜಾಹೀರಾತು ಪ್ರಕಟಿಸುವ ಪತ್ರಿಕೆಗಳಾದರೂ ಆ ಅಂಕಿಗಳನ್ನು ಕೇಳಿ ಪಡೆಯಬಹುದಲ್ಲವೇ?

ಇತಿ,
ಒಬ್ಬ ಓದುಗ