ತೇಲುವ ಗಿಡ ಮೀನಿನ ತೊಟ್ಟಿಯಲ್ಲೇ ಇರಲಿ, ಕೆರೆಗೆ ಬೇಡ

ಮಾನ್ಯ ಸಂಪಾದಕರೇ,

ಕೆರೆಗಳನ್ನು ಮುಚ್ಚಿದ ಜಲಕಳೆಯ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಬರುತ್ತದೆ. ಅದೇ ಕಳೆಯ ಜಾತಿಗಳು ಅಕ್ವೇರಿಯಂ ಅಂಗಡಿಗಳಲ್ಲಿ ಸರಿಯಾದ ಹೆಸರೂ ಇಲ್ಲದೆ ಮಾರಾಟವಾಗುವುದರ ಬಗ್ಗೆ ಚರ್ಚೆ ಕಡಿಮೆ. ತೇಲುವ ಗಿಡಗಳನ್ನು ಮನೆಯಲ್ಲಿ ಬೆಳೆಸಲೇಬಾರದು ಎಂಬುದು ನಮ್ಮ ವಾದವಲ್ಲ. ಬೆಳೆಸುವ ಕ್ರಮ ಗೊತ್ತಿಲ್ಲದೆ ಒಬ್ಬರ ತೊಟ್ಟಿಯಲ್ಲಿ ಅವು ಕೊಳೆಯುತ್ತವೆ, ಇನ್ನೊಬ್ಬರಲ್ಲಿ ತೊಟ್ಟಿ ತುಂಬಿ ಮೀನಿಗೇ ಉಸಿರು ಕಟ್ಟುತ್ತದೆ. ಇಬ್ಬರೂ ಕೊನೆಗೆ ಅದನ್ನು ಬಾಚಿ ಚರಂಡಿಗೋ ಕೆರೆಗೋ ಎಸೆಯುತ್ತಾರೆ. ಆದ್ದರಿಂದ ಬೆಳೆಸುವ ವಿಧಾನ, ಹೆಚ್ಚಾದದ್ದನ್ನು ವಿಲೇವಾರಿ ಮಾಡುವ ವಿಧಾನ ಎರಡನ್ನೂ ಒಟ್ಟಿಗೇ ಹೇಳಬೇಕು ಅನ್ನಿಸಿ ಈ ಪತ್ರ.

ಹೊಸಬರಿಗೆ ಇದಕ್ಕಿಂತ ಸುಲಭದ ಗಿಡ ಇಲ್ಲ. ನೀರಿನೊಳಗೆ ಬೆಳೆಯುವ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಸಾಲದೆ ಬರುತ್ತದೆ. ಅದಕ್ಕಾಗಿ ಕೆಲವರು ಸಿಲಿಂಡರ್ ಇಟ್ಟು ಅನಿಲ ಬಿಡುತ್ತಾರೆ. ತೇಲುವ ಗಿಡದ ಎಲೆ ಗಾಳಿಯಲ್ಲೇ ಇರುವುದರಿಂದ ಆ ಖರ್ಚು ಇಲ್ಲ. ತಳಕ್ಕೆ ಮಣ್ಣು, ಮರಳು ಬೇಕಿಲ್ಲ. ಮೀನಿನ ಹಿಕ್ಕೆ ಮತ್ತು ತಿಂದು ಉಳಿದ ಮೇವಿನಿಂದ ಹುಟ್ಟುವ ಅಮೋನಿಯಾವನ್ನು ಬೇರುಗಳು ನೇರವಾಗಿ ಹೀರುತ್ತವೆ. ಎಲೆಗಳು ಬೆಳಕನ್ನು ತಡೆಯುವುದರಿಂದ ಗಾಜಿನ ಮೇಲೆ ಪಾಚಿಯೂ ಕಡಿಮೆ. ಗಪ್ಪಿ, ಮಾಲಿ ಮೀನಿನ ಮರಿಗಳು ಬೇರಿನ ಗೊಂಚಲಲ್ಲಿ ಅಡಗಿ ದೊಡ್ಡ ಮೀನುಗಳ ಬಾಯಿಯಿಂದ ಪಾರಾಗುತ್ತವೆ. ಗಂಡು ಬೆಟ್ಟಾ ಮೀನು ಎಲೆಯ ಅಡಿಯಲ್ಲೇ ನೊರೆಗೂಡು ಕಟ್ಟುತ್ತದೆ.

ಆದರೆ ಯಾವ ಗಿಡ ಎಂಬುದು ಮುಖ್ಯ. ಎರಡಡಿ ತೊಟ್ಟಿಗೆ ಸಾಲ್ವಿನಿಯಾ ಮಿನಿಮಾ, ಅಮೆಜಾನ್ ಫ್ರಾಗ್‌ಬಿಟ್, ರೆಡ್ ರೂಟ್ ಫ್ಲೋಟರ್ ಹೊಂದುತ್ತವೆ. ವಾಟರ್ ಲೆಟಿಸ್ ಎಂದು ಮಾರುವ ಅಂತರಗಂಗೆ ಮನೆಯೊಳಗಿನ ಬೆಳಕಿಗೆ ಅಂಗೈಯಷ್ಟಿದ್ದದ್ದು ನಾಣ್ಯದಷ್ಟಾಗಿ ಕುಗ್ಗಿದರೂ ಬದುಕುತ್ತದೆ. ಅದರ ಬೇರು ತಳ ಮುಟ್ಟಿದರೆ ಕತ್ತರಿಯಿಂದ ಅರ್ಧ ಕತ್ತರಿಸಿದರೂ ಗಿಡಕ್ಕೆ ತೊಂದರೆಯಿಲ್ಲ. ನೇರಳೆ ಹೂವಿನ ವಾಟರ್ ಹಯಸಿಂತ್ ಮಾತ್ರ ಖಂಡಿತ ಬೇಡ. ಅದಕ್ಕೆ ಬಿಸಿಲೇ ಬೇಕು. ಮನೆಯೊಳಗೆ ಕೆಲವೇ ವಾರದಲ್ಲಿ ಕೊಳೆತು ನೀರು ಕೆಡಿಸುತ್ತದೆ. ಡಕ್‌ವೀಡ್ ಬಗ್ಗೆಯೂ ಎಚ್ಚರ ಇರಲಿ. ಎಳ್ಳಿನಷ್ಟು ಸಣ್ಣ ಎಲೆ ಒಂದು ಒಳಹೊಕ್ಕರೆ ಮತ್ತೆ ಪೂರ್ತಿ ತೆಗೆಯುವುದು ಬಲು ಕಷ್ಟ. ಗೋಲ್ಡ್ ಫಿಶ್ ಇರುವವರಿಗೆ ಮಾತ್ರ ಅದು ಪುಕ್ಕಟೆ ಮೇವು.

ಸಾಲ್ವಿನಿಯಾ ಕೊಳ್ಳುವಾಗ ಭೂತಗನ್ನಡಿ ಹಿಡಿದು ಎಲೆಯ ಮೇಲಿನ ರೋಮ ನೋಡಿ. ನಾಲ್ಕು ನಾಲ್ಕು ರೋಮಗಳು ತುದಿಯಲ್ಲಿ ಕೂಡಿಕೊಂಡು ಪುಟ್ಟ ಪಂಜರದಂತೆ ಕಂಡರೆ ಅದು ಸಾಲ್ವಿನಿಯಾ ಮೊಲೆಸ್ಟಾ, ಅಂದರೆ ಕೆರೆ ನುಂಗುವ ಜಾತಿ. ಮಿನಿಮಾದಲ್ಲಿ ರೋಮದ ತುದಿಗಳು ಬಿಡಿಬಿಡಿಯಾಗಿರುತ್ತವೆ, ಎಲೆಯೂ ಒಂದೂವರೆ ಸೆಂಟಿಮೀಟರ್ ಆಸುಪಾಸು ಮಾತ್ರ.

ತಂದ ಗಿಡವನ್ನು ನೇರವಾಗಿ ತೊಟ್ಟಿಗೆ ಹಾಕಬಾರದು. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪಟಿಕದ ಪುಡಿ ಕರಗಿಸಿ ಎರಡು ಮೂರು ಗಂಟೆ ನೆನೆಸಿ, ಚೆನ್ನಾಗಿ ತೊಳೆದು, ಬೇರೆ ಬಕೆಟ್ಟಿನಲ್ಲಿ ಬೆಳಕಿಗೆ ಎರಡು ವಾರ ಇಡಿ. ಬಸವನಹುಳು, ಹೈಡ್ರಾ ಎಂಬ ಪುಟ್ಟ ಜಲಜೀವಿ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಬರುವುದು ಈ ಗಿಡಗಳ ಬೇರಿನಲ್ಲೇ. ಪಟಿಕಕ್ಕೆ ಬಸವನಹುಳುವಿನ ಮೊಟ್ಟೆಗಳೆಲ್ಲ ಸಾಯುತ್ತವೆ ಎನ್ನುವಂತಿಲ್ಲ. ಆ ಎರಡು ವಾರ ಇರುವುದೇ ಒಡೆದು ಬಂದ ಮರಿಗಳನ್ನು ಆರಿಸಿ ತೆಗೆಯಲು. ಬಿಸಿಲಲ್ಲಿ ಬೆಳೆದ ಗಿಡದ ಹಳೆಯ ಎಲೆಗಳು ಮನೆಯೊಳಗೆ ಬಂದ ಮೊದಲ ವಾರ ಕರಗುವುದು ಸಹಜ. ಕೊಳೆತದ್ದನ್ನು ದಿನವೂ ಎತ್ತಿ ಹಾಕಿ ಹೊಸ ಎಲೆಗೆ ಕಾಯಬೇಕು.

ಇನ್ನು ಅತಿ ಹೆಚ್ಚು ಗಿಡಗಳು ಸಾಯುವ ಕಾರಣಕ್ಕೆ ಬರೋಣ. ಇವುಗಳ ಎಲೆಯ ಮೇಲ್ಭಾಗ ಒಣಗಿರಬೇಕು. ಟಾಪ್ ಫಿಲ್ಟರ್‌ನಿಂದ ಧಾರೆಯಾಗಿ ಬೀಳುವ ನೀರು ಗಿಡವನ್ನು ಮುಳುಗಿಸಿ ಮಗುಚಿ ಹಾಕುತ್ತದೆ. ಒದ್ದೆಯಾಗಿಯೇ ಇದ್ದ ಎಲೆ ಕಂದಾಗಿ ಕೊಳೆಯುತ್ತದೆ. ಬಿಗಿಯಾಗಿ ಮುಚ್ಚಿದ ಗಾಜಿನ ಮುಚ್ಚಳದಿಂದ ತೊಟ್ಟಿಕ್ಕುವ ಆವಿಯ ಹನಿಯೂ ಇದನ್ನೇ ಮಾಡುತ್ತದೆ. ಮುಚ್ಚಳವನ್ನು ಒಂದು ಬದಿಗೆ ಸ್ವಲ್ಪ ಓರೆಯಾಗಿಸಿ, ಎರಡು ಮೂರು ಸೆಂಟಿಮೀಟರ್ ಸಂದಿ ಬಿಟ್ಟರೆ ಹನಿ ಅಂಚಿಗೆ ಜಾರುತ್ತದೆ, ಗಾಳಿಯೂ ಆಡುತ್ತದೆ. ಮೀನು ಹಾರುವ ಭಯವಿದ್ದರೆ ಸಂದಿಗೆ ಸೊಳ್ಳೆ ಪರದೆಯ ಬಲೆ ಹಾಕಿ. ಫಿಲ್ಟರ್ ಧಾರೆಯನ್ನು ಗಾಜಿನ ಗೋಡೆಗೆ ತಿರುಗಿಸಿ, ಅಥವಾ ಬಾಯಿಗೆ ಸ್ಪಂಜಿನ ತುಂಡು ಕಟ್ಟಿ. ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಒಂದು ಮೂಲೆಯಲ್ಲಿದ್ದರೆ ಎಲ್ಲಕ್ಕಿಂತ ಒಳ್ಳೆಯದು.

ಗಿಡ ಅಲೆದಾಡದಂತೆ ತಡೆಯಲು ಏರ್ ಪಂಪಿನ ಪೈಪೇ ಸಾಕು. 45 ಸೆಂಟಿಮೀಟರ್ ಪೈಪಿನ ಎರಡು ತುದಿಗಳನ್ನು ಜಾಯಿಂಟ್ ಹಾಕಿ ಸೇರಿಸಿದರೆ ಸುಮಾರು 14 ಸೆಂಟಿಮೀಟರ್ ಅಗಲದ ಬಳೆಯಾಗುತ್ತದೆ. ಒಳಗೆ ಗಾಳಿ ಇರುವುದರಿಂದ ತೇಲುತ್ತದೆ. ಜಾಯಿಂಟ್ ಸಡಿಲವಾಗಿ ನೀರು ಹೊಕ್ಕರೆ ಮುಳುಗುತ್ತದೆ. ಸಕ್ಷನ್ ಕಪ್‌ನಿಂದ ಗಾಜಿಗೆ ಸಿಕ್ಕಿಸಿ ಬಳೆಯ ಒಳಭಾಗವನ್ನು ಗಿಡವಿಲ್ಲದೆ ಖಾಲಿ ಬಿಡಿ: ಮೇವು ಹಾಕಲು ಅದೇ ಜಾಗ. ಧಾರೆ ಬೀಳುವ ಕಡೆ ತೊಟ್ಟಿಯ ಅಡ್ಡಕ್ಕೆ ಇನ್ನೊಂದು ಪೈಪ್ ಕಟ್ಟಿದರೆ ಗಿಡಗಳು ಅತ್ತ ಹೋಗುವುದಿಲ್ಲ.

ಬೆಳಕಿಗೆ ಎರಡಡಿ ತೊಟ್ಟಿಯ ಮೇಲೆ 12ರಿಂದ 18 ವಾಟ್‌ನ ಬಿಳಿ ಎಲ್‌ಇಡಿ, ನೀರಿಗಿಂತ 15–20 ಸೆಂಟಿಮೀಟರ್ ಎತ್ತರದಲ್ಲಿ, ದಿನಕ್ಕೆ ಎಂಟು ಗಂಟೆ. ಅಂದಕ್ಕೆ ಹಾಕುವ ನೀಲಿ ದೀಪವೊಂದರಿಂದಲೇ ಗಿಡ ಬೆಳೆಯಿತು ಎಂದು ನಂಬಬೇಡಿ.

ಹರಡುವಿಕೆ ನೀರಿನ ಮೇಲ್ಮೈಯ ಅರ್ಧಕ್ಕೆ ನಿಲ್ಲಬೇಕು, ಹೆಚ್ಚೆಂದರೆ ಮೂರನೇ ಎರಡು ಭಾಗ. ಪೂರ್ತಿ ಮುಚ್ಚಿದರೆ ಗಾಳಿಯಿಂದ ಆಮ್ಲಜನಕ ನೀರಿಗೆ ಇಳಿಯುವ ದಾರಿಯೇ ಮುಚ್ಚಿದಂತೆ. ರಾತ್ರಿ ಗಿಡವೂ ಉಸಿರಾಡುತ್ತದೆ. ಸದ್ದು ಆಗುತ್ತದೆ, ಕರೆಂಟು ಉಳಿಯುತ್ತದೆ ಎಂದು ರಾತ್ರಿ ಮೋಟಾರ್ ಆಫ್ ಮಾಡುವ ಮನೆಗಳಲ್ಲಿ ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಡಿಯುವುದು ಇದರಿಂದಲೇ. ದಯವಿಟ್ಟು ರಾತ್ರಿ ಪಂಪ್ ನಿಲ್ಲಿಸಬೇಡಿ. ಕರೆಂಟು ಹೋಗಿ ತುಂಬ ಹೊತ್ತಾದರೆ ಒಂದಷ್ಟು ಗಿಡ ಎತ್ತಿ ಬಕೆಟ್ಟಿಗೆ ಹಾಕಿ. ಬೆಟ್ಟಾ, ಗೌರಾಮಿ ಮೀನುಗಳಿಗೆ ಮೇಲಿನ ಗಾಳಿಯನ್ನೇ ನುಂಗಬೇಕಾದ್ದರಿಂದ ಅವುಗಳ ತೊಟ್ಟಿಯಲ್ಲಿ ತೆರಪು ಇರಲೇಬೇಕು.

ಮೀನು ಕಡಿಮೆ ಇರುವ ತೊಟ್ಟಿಯಲ್ಲಿ ಗಿಡ ಹಸಿವಿನಿಂದಲೂ ಸೊರಗುತ್ತದೆ. ಹಳೆಯ ಎಲೆಗಳು ಹಳದಿಯಾಗಿ, ಎಲೆ ಕಿರಿದಾಗಿ, ಬೇರು ಮಾತ್ರ ಉದ್ದಕ್ಕೆ ಇಳಿದರೆ ಸಾರಜನಕ ಸಾಲದು. ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದರೆ ಪೊಟ್ಯಾಷ್ ಕೊರತೆ. ಹೊಸ ಎಲೆಯೇ ಬಿಳಿಚಿಕೊಂಡು ಹುಟ್ಟಿದರೆ ಕಬ್ಬಿಣದ ಕೊರತೆ. ಗೊಬ್ಬರದಂಗಡಿಯಲ್ಲಿ ಸಿಗುವ 13-0-45 ಪೊಟ್ಯಾಸಿಯಂ ನೈಟ್ರೇಟ್ ಮೊದಲ ಎರಡಕ್ಕೂ ಪರಿಹಾರ. 50 ಗ್ರಾಂ ಪುಡಿಯನ್ನು ನೀರಲ್ಲಿ ಕರಗಿಸಿ ಒಟ್ಟು 500 ಮಿ.ಲೀ. ಮಾಡಿಟ್ಟರೆ ಅದರ 10 ಮಿ.ಲೀ.ನಲ್ಲಿ ಒಂದು ಗ್ರಾಂ ಇರುತ್ತದೆ. 100 ಲೀಟರ್ ನೀರಿಗೆ ಅಷ್ಟು ಹಾಕಿದರೆ ನೈಟ್ರೇಟ್ ಲೀಟರಿಗೆ ಸುಮಾರು 6 ಮಿಲಿಗ್ರಾಂ, ಪೊಟ್ಯಾಸಿಯಂ ಸುಮಾರು 4 ಮಿಲಿಗ್ರಾಂ ಏರುತ್ತದೆ. ವಾರಕ್ಕೊಮ್ಮೆ ಸಾಕು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಅಂಚಿನವರೆಗೆ 57 ಲೀಟರ್ ಹಿಡಿದರೂ ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದು 45 ಲೀಟರ್ ಎಂದೇ ಲೆಕ್ಕ ಹಿಡಿಯಿರಿ. ಅದಕ್ಕೆ ಈ ದ್ರಾವಣ 4ರಿಂದ 5 ಮಿ.ಲೀ. ಸಾಕು. ಕಬ್ಬಿಣದ ಕೊರತೆಗೆ ಶೇ 12ರ ಇಡಿಟಿಎ ಕಬ್ಬಿಣ (ನೀರಲ್ಲಿ ಕರಗುವ ಕಬ್ಬಿಣದ ಗೊಬ್ಬರ) 4 ಗ್ರಾಂ ಕರಗಿಸಿ 500 ಮಿ.ಲೀ. ಮಾಡಿ, 100 ಲೀಟರಿಗೆ 10 ಮಿ.ಲೀ. ಹಾಕಿದರೆ ಲೀಟರಿಗೆ 0.1 ಮಿಲಿಗ್ರಾಂ ಆಗುತ್ತದೆ. ಕ್ಷಾರ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ಇದು ಬೇಗ ಕೆಡುವುದರಿಂದ ಆ ಪ್ರಮಾಣವನ್ನೇ ವಾರದಲ್ಲಿ ಎರಡು ಮೂರು ಕಂತಾಗಿ ಕೊಡುವುದು ಲೇಸು. ಎರಡೂ ಬಾಟಲಿಗಳಿಗೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ.

ಯೂರಿಯಾ, ಡಿಎಪಿ ಒಂದು ಚಿಟಿಕೆಯೂ ಬೇಡ. ಅದರಿಂದ ಅಮೋನಿಯಾ ಏರುತ್ತದೆ, ಕ್ಷಾರದ ನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು. ತಾಮ್ರ ಇರುವ ಲಘು ಪೋಷಕಾಂಶದ ಪುಡಿ ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಮೀನಿಗೆ ರೋಗ ಬಂದಾಗ ಕಲ್ಲುಪ್ಪು ಸುರಿಯುವ ರೂಢಿ ನಮ್ಮಲ್ಲಿದೆಯಲ್ಲ, ಅದಕ್ಕೆ ಮೊದಲು ಗಿಡಗಳನ್ನು ಬೇರೆ ಬಕೆಟ್ಟಿಗೆ ತೆಗೆಯಿರಿ. ಎಲೆಗೆ ಕಪ್ಪು ಹೇನು ಹತ್ತಿದರೆ ಔಷಧಿ ಬೇಡ: ಗಿಡವನ್ನು ನೀರಲ್ಲಿ ಅದ್ದಿ ಅಲುಗಿಸಿದರೆ ಉದುರಿದ ಹೇನನ್ನು ಮೀನುಗಳೇ ತಿನ್ನುತ್ತವೆ.

ತಾರಸಿಯ ಟಬ್ಬಿನಲ್ಲಿ ಬೆಳೆಸುವವರಿಗೆ ಒಂದು ಎಚ್ಚರಿಕೆ. ಮೀನಿಲ್ಲದ ಟಬ್ಬು ಡೆಂಗಿ ಸೊಳ್ಳೆಗೆ ತೊಟ್ಟಿಲು. ಟಬ್ಬಿಗೆ ಗಪ್ಪಿ ಮೀನು ಬಿಟ್ಟರೆ ಆ ಸೊಳ್ಳೆಯ ಮರಿಹುಳುಗಳ ಕಾಟ ತಪ್ಪುತ್ತದೆ. ಅಂತರಗಂಗೆಯಲ್ಲಿ ಇನ್ನೊಂದು ತೊಡಕಿದೆ. ಮ್ಯಾನ್ಸೋನಿಯಾ ಎಂಬ ಸೊಳ್ಳೆಯ ಮರಿಹುಳು ಅದರ ಬೇರಿಗೆ ಚುಚ್ಚಿಕೊಂಡು ಬೇರಿನೊಳಗಿನ ಗಾಳಿಯನ್ನೇ ಉಸಿರಾಡುತ್ತದೆ, ಮೇಲೆ ಬರುವುದೇ ಇಲ್ಲ. ದಟ್ಟ ಬೇರಿನೊಳಗೆ ಮೀನಿಗೂ ಸುಲಭವಾಗಿ ಸಿಗುವುದಿಲ್ಲ. ಆನೆಕಾಲು ರೋಗದ ಒಂದು ಬಗೆಯನ್ನು ಹರಡುವ ಸೊಳ್ಳೆ ಇದು. ಟಬ್ಬಿಗೆ ಅಂತರಗಂಗೆ ಬೇಡ, ಬೇರೆ ಗಿಡ ಹಾಕುವುದೇ ಸರಿ.

ಚೆನ್ನಾಗಿ ಬೆಳೆದ ತೊಟ್ಟಿಯಿಂದ ವಾರಕ್ಕೊಂದು ಹಿಡಿ ಗಿಡ ತೆಗೆಯಲೇಬೇಕು. ನೀರಿನ ಕೊಳೆ ಗಿಡದ ಮೂಲಕ ಹೊರಹೋಗುವುದು ಹೀಗೆ. ಅಲ್ಲೇ ಸತ್ತರೆ ಹೀರಿದ್ದೆಲ್ಲ ಮತ್ತೆ ನೀರಿಗೇ ಸೇರುತ್ತದೆ. ಗಿಡ ಇದೆ ಎಂದು ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದನ್ನು ಬಿಡುವಂತೆಯೂ ಇಲ್ಲ.

ಈ ಒಂದು ಹಿಡಿ ಗಿಡದ ಮೇಲೇ ನಮಗೆ ಆತಂಕ. ಸಾಲ್ವಿನಿಯಾ ಮೊಲೆಸ್ಟಾ ಬ್ರೆಜಿಲ್ ಮೂಲದ್ದು. ಅದು ಬಂಜೆ ಗಿಡ, ತುಂಡಿನಿಂದ ಮಾತ್ರ ಹರಡುತ್ತದೆ. ಕೇರಳದ ಭತ್ತದ ಗದ್ದೆ, ಕಾಲುವೆಗಳನ್ನು ಆವರಿಸಿದ, ಅಲ್ಲಿ ಆಫ್ರಿಕನ್ ಪಾಯಲ್ ಎಂದು ಕರೆಯುವ ಕಳೆ ಇದೇ. 1980ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ಈ ಕಳೆಯನ್ನು ತಿನ್ನುವ ಮೂತಿಹುಳು ತರಿಸಿ, ಮೊದಲು ಬೆಂಗಳೂರಿನಲ್ಲಿ ಬಿಟ್ಟು ಪರೀಕ್ಷಿಸಿ, ಬಳಿಕ ಕೇರಳದಲ್ಲೂ ಬಳಸಬೇಕಾಯಿತು. ವಾಟರ್ ಹಯಸಿಂತ್‌ನ ಬೀಜ ಕೆಸರಿನಲ್ಲಿ 15 ವರ್ಷಕ್ಕೂ ಮೇಲ್ಪಟ್ಟು ಜೀವ ಹಿಡಿದಿರಬಲ್ಲದು. ಕೆರೆಯನ್ನು ಒಮ್ಮೆ ಸ್ವಚ್ಛ ಮಾಡಿದರೆ ಮುಗಿಯಿತು ಎನ್ನುವಂತಿಲ್ಲ. 2020ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಆವಳ ಪಾಂಡಿ ಎಂಬಲ್ಲಿನ ಕಾಲುವೆ ಗುಲಾಬಿ ಬಣ್ಣದ ಹೂವಿನಿಂದ ತುಂಬಿ ಜನ ಫೋಟೋ ತೆಗೆಯಲು ಮುಗಿಬಿದ್ದರು. ಅದು ಕಬೊಂಬಾ, ಅಮೆರಿಕ ಖಂಡದಿಂದ ಬಂದ ಅಕ್ವೇರಿಯಂ ಗಿಡ.

ತೆಗೆದ ಗಿಡವನ್ನು ಸಿಂಕಿಗೆ, ಚರಂಡಿಗೆ, ಟಾಯ್ಲೆಟ್ಟಿಗೆ ಹಾಕಬೇಡಿ. ತೊಟ್ಟಿಯ ನೀರು ಬದಲಿಸುವಾಗಲೂ ಬಟ್ಟೆಯಲ್ಲಿ ಸೋಸಿ, ಹೂಕುಂಡಗಳಿಗೆ ಹಾಕಿ. ಗಿಡವನ್ನು ಹಳೆಯ ಪೇಪರಿನ ಮೇಲೆ ತೆಳುವಾಗಿ ಹರಡಿ, ಮುರಿದರೆ ಪುಡಿಯಾಗುವಷ್ಟು ಬಿಸಿಲಿಗೆ ಒಣಗಿಸಿ. ಆಮೇಲೆ ಗೊಬ್ಬರದ ಗುಂಡಿಗೋ ಕುಂಡಕ್ಕೋ ಹಾಕಬಹುದು. ಮಳೆಗಾಲದಲ್ಲಿ ಒಣಗದಿದ್ದರೆ ಗಂಟು ಕಟ್ಟಿದ ಕಪ್ಪು ಚೀಲದಲ್ಲಿ ಪೂರ್ತಿ ಕೊಳೆಯುವವರೆಗೆ ಇಟ್ಟು ಮಣ್ಣಲ್ಲಿ ಹೂಳಿ. ದನಕ್ಕೆ, ಕೋಳಿಗೆ ಹಾಕುವುದಾದರೆ ಅಜೋಲಾ ಸರಿ, ಅಂತರಗಂಗೆ ಬೇಡ. ಅದರಲ್ಲಿ ಬಾಯಿ ತುರಿಸುವ ಆಕ್ಸಲೇಟ್ ಹರಳುಗಳಿವೆ.

ಅಕ್ವೇರಿಯಂ ಅಂಗಡಿಯವರಲ್ಲಿ ನಮ್ಮ ವಿನಂತಿ: ಡಬ್ಬಿಯ ಮೇಲೆ ಗಿಡದ ಸರಿಯಾದ ಹೆಸರು, ‘ಕೆರೆ, ಚರಂಡಿಗೆ ಹಾಕಬಾರದು’ ಎಂಬ ಒಂದು ಸಾಲು ಕನ್ನಡದಲ್ಲಿ ಅಂಟಿಸಿ. ಸಾಲ್ವಿನಿಯಾ ಮೊಲೆಸ್ಟಾ ಮತ್ತು ವಾಟರ್ ಹಯಸಿಂತ್ ಮಾರುವುದನ್ನು ನೀವಾಗಿಯೇ ನಿಲ್ಲಿಸಿ. ಗಿರಾಕಿಗಳು ಹೆಚ್ಚಾದ ಗಿಡ ವಾಪಸ್ ತಂದರೆ ತೆಗೆದುಕೊಳ್ಳಿ. ನಗರಸಭೆ, ಪಾಲಿಕೆಗಳು ಕೆರೆಯ ದಂಡೆಯಲ್ಲಿ ಕಸ ಹಾಕಬೇಡಿ ಎಂದು ಹಾಕುವ ಫಲಕದಲ್ಲೇ ಅಕ್ವೇರಿಯಂ ಗಿಡ, ಮೀನು ಬಿಡಬೇಡಿ ಎಂದೂ ಸೇರಿಸಲಿ.

– ಅಕ್ವೇರಿಯಂ ಹವ್ಯಾಸಿಗಳು, ಮೈಸೂರು