ಮೋಟರ್‌ಹೋಮ್‌ನ ಬಚ್ಚಿಟ್ಟ ಸ್ವಿಚ್ಚುಗಳಿಗೆ ದೀಪವಿಲ್ಲದೆ ಬ್ಯಾಟರಿ ಹಾಳಾದ ಬಗ್ಗೆ ದೂರು

ಇವರಿಂದ:
ನಿಮ್ಮಲ್ಲಿ ಮೋಟರ್‌ಹೋಮ್ ಕಟ್ಟಿಸಿಕೊಂಡ ಗ್ರಾಹಕ,
ಪಿ.ಜೆ. ಬಡಾವಣೆ, ದಾವಣಗೆರೆ

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಮೋಟರ್‌ಹೋಮ್ ಬಾಡಿ ತಯಾರಕರು, ಬೆಂಗಳೂರು

ವಿಷಯ: ಕಣ್ಣಿಗೆ ಕಾಣದ ಕಡೆ ಕೂರಿಸಿದ ಸ್ವಿಚ್ಚುಗಳಿಗೆ ಇಂಡಿಕೇಟರ್ ಹಾಕಿಕೊಡುವುದು, ಹಾಳಾದ ಬ್ಯಾಟರಿ ಬದಲಿಸಿಕೊಡುವುದು.

ಮಾನ್ಯರೇ,

ನಮ್ಮ ಗಾಡಿಯ ಒಳಬ್ಯಾಟರಿ, ಅಂದರೆ ಒಳಗಿನ ದೀಪ, ನೀರಿನ ಪಂಪ್, ಇನ್ವರ್ಟರ್ ನಡೆಸುವ ಬ್ಯಾಟರಿ, ಕೆಟ್ಟ ಬಗ್ಗೆ ಕೊಟ್ಟ ದೂರಿಗೆ ನಿಮ್ಮಿಂದ ಒಂದೇ ಸಾಲಿನ ಉತ್ತರ ಬಂದಿದೆ: ಇನ್ವರ್ಟರ್ ಆಫ್ ಮಾಡದೆ ಬಿಟ್ಟದ್ದು ಗ್ರಾಹಕರ ಅಜಾಗರೂಕತೆ, ವಾರಂಟಿ ಸಿಗುವುದಿಲ್ಲ. ಇದನ್ನು ನಾನು ಒಪ್ಪುವುದಿಲ್ಲ. ಆ ಇನ್ವರ್ಟರ್ ಆನ್ ಮಾಡಿದವರು ನಿಮ್ಮವರೇ. ಉಚಿತ ಸರ್ವಿಸ್ ಮುಗಿಸಿ ಗಾಡಿ ಒಪ್ಪಿಸಿದ ದಿನದ ಜಾಬ್ ಕಾರ್ಡಿನಲ್ಲಿ "ಇನ್ವರ್ಟರ್ ಚೆಕ್ ಮಾಡಿದೆ, ಸರಿಯಿದೆ" ಎಂದು ನಿಮ್ಮ ಮೆಕ್ಯಾನಿಕ್ ಬರೆದಿದ್ದಾರೆ. ಚೆಕ್ ಮಾಡಲು ಆನ್ ಮಾಡಿದ್ದನ್ನು ಹಾಗೇ ಬಿಟ್ಟಿದ್ದಾರೆ. ಗಾಡಿ ತಂದು ಮನೆ ಮುಂದೆ ನಿಲ್ಲಿಸಿದ ಮೇಲೆ ನಮ್ಮಲ್ಲಿ ಯಾರೂ ಆ ಸ್ವಿಚ್ ಮುಟ್ಟಿಲ್ಲ. ಆಮೇಲೆ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೊರಡೋಣವೆಂದು ಬಾಗಿಲು ತೆಗೆದರೆ ಒಳಗಿನ ದೀಪ ಮಿಣುಕುತ್ತಿತ್ತು, ಪಂಪ್ ಎರಡು ಸಲ ಗೊರಗುಟ್ಟಿ ನಿಂತಿತು. ಮೀಟರ್ ಇಟ್ಟು ನೋಡಿದರೆ 10.3 ವೋಲ್ಟ್.

ಆ ಮೆಕ್ಯಾನಿಕ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಸಂಬಳ ಹಿಡಿಯಬೇಡಿ. ಇನ್ವರ್ಟರಿನ ಸ್ವಿಚ್ಚನ್ನು ನೀವು ಕೂರಿಸಿರುವುದು ಹಿಂದಿನ ಬೆಂಚಿನ ಕೆಳಗೆ, ಹಾಸಿಗೆ ಎತ್ತಿ ಹಲಗೆ ಸರಿಸಿದರೆ ಮಾತ್ರ ಕಾಣುವ ಜಾಗದಲ್ಲಿ. ಲೋಡ್ ಇಲ್ಲದಾಗ ಅದರ ಫ್ಯಾನೂ ತಿರುಗುವುದಿಲ್ಲ, ಸದ್ದೂ ಇಲ್ಲ. ಹಲಗೆ ಮುಚ್ಚಿದ ಮೇಲೆ ಅದು ಚಾಲೂ ಇದೆಯೋ ಇಲ್ಲವೋ ಎಂದು ಗಾಡಿ ಕಟ್ಟಿದ ನಿಮಗೇ ಗೊತ್ತಾಗಲಿಲ್ಲ, ಕೊಂಡವರಿಗೆ ಹೇಗೆ ಗೊತ್ತಾಗಬೇಕು?

ನೀರಿನ ಪಂಪಿನ ಸ್ವಿಚ್ ಸಿಂಕಿನ ಕೆಳಗಿನ ಕಪಾಟಿನಲ್ಲಿದೆ. ಗೀಸರಿನದು ಬಟ್ಟೆ ಬೀರುವಿನೊಳಗೆ, ನೇತು ಹಾಕಿದ ಅಂಗಿಗಳ ಹಿಂದೆ. ಯಾಕೆ ಹೀಗೆ ಎಂದು ಡೆಲಿವರಿ ದಿನವೇ ಕೇಳಿದ್ದೆ. "ಇಂಟೀರಿಯರ್ ನೀಟಾಗಿ ಕಾಣ್ಲಿ ಅಂತ ಸಾರ್" ಎಂದರು. ಕಾಣುತ್ತದೆ, ಇಲ್ಲ ಎನ್ನುವುದಿಲ್ಲ.

ನಾನು ಈ ಊರಿನ ಕಾಟನ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಇನ್ನೂ ಸಲ್ಲುತ್ತಿದ್ದ ಕಾಲ ಅದು. ಮೋಟರ್ ಒಂದು ಕಡೆ, ಅದನ್ನು ನಡೆಸುವವನು ಇನ್ನೊಂದು ಕಡೆ ಇದ್ದರೆ ಪ್ಯಾನೆಲ್ ಮೇಲೆ ಪೈಲಟ್ ಲ್ಯಾಂಪ್, ಅಂದರೆ ಚಾಲೂ ಇದೆ ಎಂದು ತೋರಿಸುವ ದೀಪ, ಇರಲೇಬೇಕು, ಇದರಲ್ಲಿ ಚರ್ಚೆಯೇ ಇರಲಿಲ್ಲ. ಹಾಗಾಗಿ ಸಿಂಕಿನ ಕೆಳಗಿನ ಸ್ವಿಚ್ಚನ್ನು ಬಿಚ್ಚಿ ನಾನೇ ನೋಡಿದೆ. ಪಂಪಿಗೆ ನೀವು ಹಾಕಿರುವುದು ಒಳಗೇ ದೀಪವಿರುವ ಮೂರು ಪಿನ್ನಿನ ರಾಕರ್ ಸ್ವಿಚ್. ಒಂದು ಪಿನ್ನಿಗೆ ಬ್ಯಾಟರಿಯಿಂದ ಬರುವ ಪಾಸಿಟಿವ್, ಇನ್ನೊಂದಕ್ಕೆ ಪಂಪಿಗೆ ಹೋಗುವ ವೈರ್. ಮೂರನೆಯದಕ್ಕೆ ನೆಗೆಟಿವ್ ಕೊಟ್ಟರೆ ಮಾತ್ರ ದೀಪ ಹತ್ತುತ್ತದೆ. ಅದನ್ನು ಖಾಲಿ ಬಿಟ್ಟಿದ್ದೀರಿ. ಎಲೆ ಹಾಕಿ ಕೂರಿಸಿ ಬಡಿಸದೆ ಹೋದ ಹಾಗಾಯಿತು. ಕೊಟ್ಟಿದ್ದರೂ ಕಪಾಟಿನ ಬಾಗಿಲ ಹಿಂದೆ ಯಾರಿಗೆ ಕಾಣುತ್ತಿತ್ತು ಎಂಬುದು ಬೇರೆ ಮಾತು.

ಈ ಪಂಪಿನಿಂದಲೂ ಒಮ್ಮೆ ಪೆಟ್ಟು ತಿಂದಿದ್ದೇವೆ. ಸೂಳೆಕೆರೆ ದಂಡೆಯಲ್ಲಿ ರಾತ್ರಿ ತಂಗಿದ್ದಾಗ ಶವರಿನ ಹಿಂದಿನ ಜಾಯಿಂಟ್ ಸಡಿಲಾಗಿ ನೀರು ಜಿನುಗಿತು. ಒತ್ತಡ ತುಂಬಿದರೆ ತಾನೇ ನಿಲ್ಲುವ ಪಂಪ್ ಅದು. ಸೋರುತ್ತಿದ್ದರೆ ಒತ್ತಡ ತುಂಬುವುದೆಲ್ಲಿ? ಬೆಳಗಾಗುವಷ್ಟರಲ್ಲಿ ಟ್ಯಾಂಕ್ ಬರಿದು, ನೆಲದ ಮ್ಯಾಟ್ ಒದ್ದೆ. ಎದುರಿಗೇ ಕೆರೆ ತುಂಬ ನೀರು, ಗಾಡಿಯಲ್ಲಿ ಮುಖ ತೊಳೆಯಲೂ ಇಲ್ಲ ಎಂದು ಮನೆಯವರು ನಕ್ಕರು. ಬಾಗಿಲ ಬಳಿ ಒಂದು ದೀಪ ಇದ್ದಿದ್ದರೆ ಮಲಗುವ ಮುಂಚೆ ಸ್ವಿಚ್ ಆಫ್ ಮಾಡುತ್ತಿದ್ದೆವು.

ದೀಪ ಹಾಕಿಕೊಡಿ ಎಂದು ಫೋನಿನಲ್ಲಿ ಕೇಳಿದಾಗ ನಿಮ್ಮ ಟೆಕ್ನಿಕಲ್ ವಿಭಾಗದವರು ಕೊಟ್ಟ ಕಾರಣ, ದೀಪ ಬ್ಯಾಟರಿ ತಿನ್ನುತ್ತದೆ ಎಂಬುದು. ಲೆಕ್ಕ ಹೇಳುತ್ತೇನೆ. ಸುಮ್ಮನೆ ಚಾಲೂ ಇರುವ ನಿಮ್ಮ ಇನ್ವರ್ಟರ್ ಬ್ಯಾಟರಿಯಿಂದ ಎಳೆಯುವುದು 1.4 ಆಂಪಿಯರ್. ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದ್ದೇನೆ, ನೀವೂ ನೋಡಬಹುದು. 24 ಗಂಟೆಗೆ ಹತ್ತಿರ ಹತ್ತಿರ 34 ಆಂಪಿಯರ್-ಅವರ್. ನೀವು ಕೊಟ್ಟಿರುವುದು 150 ಆಂಪಿಯರ್-ಅವರ್‌ನ ಬ್ಯಾಟರಿ. ಯಾರೂ ಏನೂ ಬಳಸದಿದ್ದರೂ ಐದು ದಿನ ತುಂಬುವ ಮೊದಲೇ ಖಾಲಿ. ಈಗ ದೀಪಕ್ಕೆ ಬನ್ನಿ. ಒಂದು ಕೆಂಪು ಎಲ್‌ಇಡಿಗೆ 2.2 ಕಿಲೋ ಓಮ್ ರೆಸಿಸ್ಟರ್ ಸೇರಿಸಿದರೆ 5 ಮಿಲಿಆಂಪಿಯರ್ ಹರಿಯುತ್ತದೆ. ದಿನವಿಡೀ ಉರಿದರೂ 0.12 ಆಂಪಿಯರ್-ಅವರ್. ಅದೂ ಸ್ವಿಚ್ ಹಾಕಿದ್ದಾಗ ಮಾತ್ರ. 34ನ್ನು ತೋರಿಸಿಕೊಡಲು 0.12 ಖರ್ಚಾಗುತ್ತದೆ ಎಂದು ಹಿಂಜರಿಯುವವರು ಬ್ಯಾಟರಿಯ ಕಾಳಜಿಯ ಮಾತು ಆಡಬಾರದು.

ಇನ್ವರ್ಟರ್ 10.5 ವೋಲ್ಟಿಗೆ ತಾನೇ ನಿಲ್ಲುತ್ತದೆ, ಬ್ಯಾಟರಿಗೆ ಅಪಾಯವಿಲ್ಲ ಎಂದೂ ಹೇಳಿದರು. ತುಂಬಿದ ಲೆಡ್ ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ 12.6ರ ಮೇಲೆ ತೋರಿಸಬೇಕು, 10.5ಕ್ಕೆ ಇಳಿಯುವ ಹೊತ್ತಿಗೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ಆ ಸ್ಥಿತಿಯಲ್ಲೇ ಬಿದ್ದಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಪಿ.ಬಿ. ರಸ್ತೆಯ ಬ್ಯಾಟರಿ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದ ಚೀಟಿ ಲಗತ್ತಿಸಿದ್ದೇನೆ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಅರ್ಧದಷ್ಟೂ ಹಿಡಿಯುತ್ತಿಲ್ಲ.

ಸರಿ, ನಾನೇ ಹಾಕಿಕೊಳ್ಳುತ್ತೇನೆ ಎಂದರೆ, ಹೊರಗಿನವರು ವೈರಿಂಗ್ ಮುಟ್ಟಿದರೆ ಇಡೀ ಗಾಡಿಯ ಎಲೆಕ್ಟ್ರಿಕಲ್ ವಾರಂಟಿ ರದ್ದು ಎಂದಿರಿ. ನೀವೂ ಹಾಕುವುದಿಲ್ಲ, ನಾನೂ ಹಾಕಬಾರದು. ನನಗೆ ಹೆಚ್ಚು ಬೇಸರ ತಂದದ್ದು ಬ್ಯಾಟರಿಗಿಂತ ಈ ಮಾತು.

ಆದ್ದರಿಂದ ಕೆಲಸ ನೀವೇ ಮಾಡಿಕೊಡಬೇಕು, ನೆಟ್ಟಗೆ ಮಾಡಿಕೊಡಬೇಕು. ಪ್ರವೇಶ ಬಾಗಿಲ ಮೇಲೆ, ಹತ್ತುವಾಗ ಇಳಿಯುವಾಗ ಕಣ್ಣಿಗೆ ಬೀಳುವಂತೆ ಈ ದೀಪಗಳ ಒಂದು ಪುಟ್ಟ ಪಟ್ಟಿ ಕೂರಿಸಿ, ಪ್ರತಿ ದೀಪದ ಕೆಳಗೆ ಕನ್ನಡದಲ್ಲಿ ಹೆಸರು ಬರೆಯಿರಿ. ಪಂಪಿನ ದೀಪಕ್ಕೆ ಪಾಸಿಟಿವ್ ತೆಗೆಯಬೇಕಾದದ್ದು ಸ್ವಿಚ್ ದಾಟಿ ಪಂಪಿನ ಕಡೆಗೆ ಹೋಗುವ ವೈರಿನಿಂದ. ಸ್ವಿಚ್ಚಿನ ಎರಡು ಪಿನ್ನುಗಳ ನಡುವೆ ದೀಪ ಕಟ್ಟಿದರೆ ಆಫ್ ಇದ್ದಾಗ ಉರಿದು ಆನ್ ಮಾಡಿದಾಗ ಆರುತ್ತದೆ. ರೆಸಿಸ್ಟರನ್ನು ವೈರ್ ಕವಲೊಡೆಯುವಲ್ಲೇ ಹಾಕಿಸಿ, ದೀಪದ ಬುಡದಲ್ಲಲ್ಲ. ಬಾಗಿಲ ತನಕ ಬರುವ ತೆಳು ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೂ ಆಗ ಹರಿಯುವುದು ಮಿಲಿಆಂಪಿಯರುಗಳಷ್ಟೇ. ಇಲ್ಲದಿದ್ದರೆ ಪಂಪಿನ ಫ್ಯೂಸ್ ಹೋಗುವ ಮೊದಲು ಈ ವೈರೇ ಸುಡಬಹುದು. ಪಂಪ್ ಆಫ್ ಆಗುವಾಗ ಮೋಟರಿನಿಂದ ಉಲ್ಟಾ ವೋಲ್ಟೇಜ್ ಒದೆಯುತ್ತದೆ, ಎಲ್‌ಇಡಿ ಅದನ್ನು ತಾಳುವುದಿಲ್ಲ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡ್ ಸರಣಿಯಲ್ಲಿರಲಿ.

ಇನ್ವರ್ಟರಿನ ಸ್ವಿಚ್ ಬರೀ ಸಿಗ್ನಲ್ ಕೊಡುವಂಥದ್ದು, ಆ ವೈರಿನಿಂದ ಕರೆಂಟ್ ಕದಿಯಬೇಡಿ. ಅದರ 230 ವೋಲ್ಟ್ ಔಟ್‌ಪುಟ್ಟಿಗೆ ನಿಯಾನ್ ಇಂಡಿಕೇಟರ್ ಹಾಕಿ. ಗೀಸರಿಗೂ ನಿಯಾನ್, ಈ ಎರಡಕ್ಕೂ ಪ್ರತ್ಯೇಕ ಪೈಪಿನಲ್ಲಿ ವೈರ್. 12 ವೋಲ್ಟಿನ ವೈರುಗಳ ಜೊತೆ ಅವನ್ನು ಸೇರಿಸಿ ಕಟ್ಟುವುದು ಬೇಡ. ಹಾಂ, ನೀಲಿ ದೀಪ ಮಾತ್ರ ಬೇಡವೇ ಬೇಡ. ರಾತ್ರಿ ಕಣ್ಣಿಗೆ ಚುಚ್ಚುತ್ತದೆ.

ಬ್ಯಾಟರಿಯನ್ನು ವಾರಂಟಿಯಡಿ ಬದಲಿಸಿಕೊಡಬೇಕು. ಗಾಡಿ ತಂದು ಬಿಡಿ ಎನ್ನಬೇಡಿ. ಹೆದ್ದಾರಿ 48ರಲ್ಲಿ ಬೆಂಗಳೂರಿಗೆ ಸುಮಾರು 260 ಕಿ.ಮೀ., ಹೋಗಿಬರುವ ಡೀಸೆಲ್ ಖರ್ಚಿಗಿಂತ ಈ ದೀಪಗಳ ಸಾಮಾನು ಅಗ್ಗ. ಎಲೆಕ್ಟ್ರಿಷಿಯನ್‌ರನ್ನು ಇಲ್ಲಿಗೇ ಕಳಿಸಿ. ಅದಾಗದಿದ್ದರೆ, ಮೇಲೆ ಹೇಳಿದಂತೆ ನಾನೇ ದೀಪ ಹಾಕಿಕೊಂಡರೆ ವಾರಂಟಿಗೆ ಧಕ್ಕೆಯಿಲ್ಲ ಎಂದು ನಿಮ್ಮ ಲೆಟರ್‌ಹೆಡ್‌ನಲ್ಲಿ ಸಹಿ ಮಾಡಿಕೊಡಿ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರಬೇಕು. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ನಂತರ ದಾವಣಗೆರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಬಿಲ್ಲಿನ ಅಡಿಯಲ್ಲಿ "ವ್ಯಾಜ್ಯ ಬೆಂಗಳೂರಿನ ವ್ಯಾಪ್ತಿಗೆ ಮಾತ್ರ" ಎಂದು ಅಚ್ಚಾಗಿರುವುದನ್ನು ನೋಡಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ಗ್ರಾಹಕ ವಾಸವಿರುವ ಊರಿನಲ್ಲೇ ದೂರು ಕೊಡಬಹುದು.

ನಿಮ್ಮವರು ಬರುವ ಮುಂಚಿನ ದಿನ ಫೋನ್ ಮಾಡಲಿ, ಬೆಂಚಿನ ಸಾಮಾನು ತೆಗೆದಿಟ್ಟಿರುತ್ತೇನೆ.

ಇತಿ,
ಗ್ರಾಹಕ, ದಾವಣಗೆರೆ

ಲಗತ್ತು: ಬಿಲ್ ಮತ್ತು ಜಾಬ್ ಕಾರ್ಡ್ ಪ್ರತಿ, ಬ್ಯಾಟರಿ ಪರೀಕ್ಷೆಯ ಚೀಟಿ, ಪಂಪಿನ ಸ್ವಿಚ್ಚಿನ ಖಾಲಿ ಪಿನ್ನಿನ ಫೋಟೋ.